ಪುಟ್ಟ ನಾಯಿಯ ಚೊಚ್ಚಲ ಹೆರಿಗೆ: ಟಾನಿಕ್ ಬೇಡ, ಸಿದ್ಧತೆ ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಪಾಂಡವಪುರದ ಮೇಷ್ಟ್ರೊಬ್ಬರು ತಮ್ಮ ತಾಯಿಯ ರಕ್ತದೊತ್ತಡ ತೋರಿಸಲು ಶ್ರೀರಂಗಪಟ್ಟಣದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ತಪಾಸಣೆ ಮುಗಿದು ಎದ್ದು ನಿಂತವರು ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಡಾಕ್ಟ್ರೇ, ನಮ್ಮನೆ ಪಿಂಕಿ ಬಸುರಿ. ಚೊಚ್ಚಲು. ಏನಾದ್ರೂ ಟಾನಿಕ್ ಕೊಡ್ಬೇಕಾ?" ಪಿಂಕಿ ಎಂದರೆ ಅವರ ಮನೆಯ ಬಿಳಿ ಪಮೇರಿಯನ್ ನಾಯಿ. ತೂಕ ನಾಲ್ಕು ಕಿಲೋ ಇದ್ದೀತು. ಗರ್ಭಿಣಿಯರಿಗೆ ದಿನವೂ ಬರೆದು ಬರೆದು ರೂಢಿಯಾದ ಔಷಧಿಯೇ ನನ್ನ ಬಾಯಿಗೆ ಬಂತು. "ಕ್ಯಾಲ್ಸಿಯಂ ಸಿರಪ್ ಕೊಡಿ ಮೇಷ್ಟ್ರೇ, ಒಳ್ಳೇದು" ಎಂದುಬಿಟ್ಟೆ.

ಪಿಂಕಿಗೆ ನಾಲ್ಕು ಮರಿಗಳಾದವು. ಮನೆಯಲ್ಲೆಲ್ಲ ಸಂಭ್ರಮ. ಮೂರನೆಯ ವಾರ ಒಂದು ರಾತ್ರಿ ಹತ್ತೂವರೆಗೆ ಮೇಷ್ಟ್ರು ಪಿಂಕಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಮನೆ ಬಾಗಿಲಿಗೇ ಬಂದರು. ನಾಯಿಯ ಕಾಲುಗಳು ಕೊರಡಿನಂತೆ ಸೆಟೆದಿದ್ದವು. ಮೈ ನಡುಗುತ್ತಿತ್ತು, ಮುಟ್ಟಿದರೆ ಸುಡುತ್ತಿತ್ತು. ಅದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಪರಿಚಯದ ಪಶುವೈದ್ಯರೊಬ್ಬರಿಗೆ ಫೋನು ಮಾಡಿ, ನನ್ನ ಕಾರಿನಲ್ಲೇ ಮೈಸೂರಿಗೆ ಕರೆದೊಯ್ದೆ. ಅವರು ನಾಯಿಯ ಎದೆಬಡಿತವನ್ನು ಕೇಳುತ್ತಲೇ ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಬಸುರಿಯಾಗಿದ್ದಾಗ ಕ್ಯಾಲ್ಸಿಯಂ ಕೊಟ್ಟಿದ್ರಾ?" ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಂದಿನಿಂದ ನಾನು ನಾಯಿಯ ವಿಷಯದಲ್ಲಿ ಪಶುವೈದ್ಯರನ್ನು ಕೇಳದೆ ಒಂದು ಹನಿ ಔಷಧಿಯನ್ನೂ ಹೇಳಿಲ್ಲ. ಅವರಿಂದ ಕೇಳಿ ತಿಳಿದದ್ದನ್ನೂ, ಮನೆಮಂದಿಯ ಆರೋಗ್ಯದ ಬಗ್ಗೆ ನನಗೆ ಗೊತ್ತಿರುವುದನ್ನೂ ಸೇರಿಸಿ ಈ ವಾರ ಬರೆಯುತ್ತಿದ್ದೇನೆ. ಹಸು ಕರು ಹಾಕುವುದನ್ನು ಹಟ್ಟಿಯಲ್ಲಿ ಕಣ್ಣಾರೆ ಕಂಡು ಬೆಳೆದವರ ಜಿಲ್ಲೆ ನಮ್ಮದು. ಆದರೆ ನಾಲ್ಕೈದು ಕಿಲೋ ತೂಕದ ನಾಯಿಗೆ ಹಸುವಿನ ಲೆಕ್ಕವೂ ಸಲ್ಲುವುದಿಲ್ಲ, ಹೆಂಗಸರ ಲೆಕ್ಕವೂ ಸಲ್ಲುವುದಿಲ್ಲ. ಅದರ ಹೆರಿಗೆಗೆ ಮುಖ್ಯವಾಗಿ ಬೇಕಾದದ್ದು ಮೂರು: ದಿನದ ಲೆಕ್ಕ, ರಾತ್ರಿಯಲ್ಲೂ ಸಿಗುವ ಪಶುವೈದ್ಯರು, ಹೊರಡಲು ಸಿದ್ಧವಿರುವ ವಾಹನ.

ಮರಿ ಬೇಕೇ ಬೇಕೆ?

"ಒಂದು ಸಲವಾದರೂ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು" ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದಕ್ಕೆ ಆಧಾರವಿಲ್ಲ. ಮರಿ ಬೇಡವೆನ್ನುವವರು ಪಶುವೈದ್ಯರನ್ನು ಕಂಡು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆಯೂ ತಪ್ಪುತ್ತದೆ.

ಮರಿ ಬೇಕೆನ್ನುವವರು ಮೊದಲ ಬೆದೆಯಲ್ಲಿ ಗಂಡು ಬಿಡಬಾರದು. ನಾಯಿಗೆ ಒಂದೂವರೆ, ಎರಡು ವರ್ಷ ತುಂಬಲಿ. ಗಂಡು ನಾಯಿ ಅದರಷ್ಟೇ ಗಾತ್ರದ್ದಾಗಿರಬೇಕು. ಹುಚ್ಚುನಾಯಿ ರೋಗದ ಲಸಿಕೆ, ಇತರ ಲಸಿಕೆಗಳು, ಹುಳುವಿನ ಔಷಧಿ ಎಲ್ಲವೂ ಬೆದೆಗೆ ಮುಂಚೆಯೇ ಮುಗಿದಿರಲಿ. ಮರಿಗಳು ಯಾರ ಮನೆಗೆ ಹೋಗುತ್ತವೆ ಎಂಬುದನ್ನೂ ಆಗಲೇ ಯೋಚಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರದ 2017ರ ನಿಯಮ ಹೇಳುತ್ತದೆ. ಸಂತೆ ಬಯಲಿನಲ್ಲೋ ಕೆರೆ ಏರಿಯ ಮೇಲೋ ಬಿಟ್ಟು ಬಂದ ಮರಿಗಳ ಗತಿ ಏನಾಗುತ್ತದೆಂದು ನಾವೆಲ್ಲ ನೋಡಿದ್ದೇವೆ.

ದಿನದ ಲೆಕ್ಕ

ನಾಯಿಯ ಬಸಿರು ಸುಮಾರು 63 ದಿನ. ಕೂಡಿದ ದಿನದಿಂದ ಎಣಿಸಿದರೆ ಕೆಲವು ದಿನ ಹಿಂದೆಮುಂದೆ ಆಗಬಹುದು. ಆದ್ದರಿಂದ ಕೂಡಿದ ದಿನಾಂಕಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸುಮಾರು ಒಂದು ತಿಂಗಳಿಗೆ ಸ್ಕ್ಯಾನಿಂಗ್ ಮಾಡಿದರೆ ಬಸಿರು ಹೌದೋ ಅಲ್ಲವೋ ತಿಳಿಯುತ್ತದೆ. 55 ದಿನ ಕಳೆದ ಮೇಲೆ ಎಕ್ಸ್‌ರೇ ತೆಗೆದರೆ ಮರಿಗಳ ಮೂಳೆಗಳು ಸ್ಪಷ್ಟವಾಗಿ ಕಂಡು, ಎಷ್ಟು ಮರಿ ಎಂದು ಎಣಿಸಬಹುದು.

ಈ ಎಣಿಕೆ ಬಹಳ ಮುಖ್ಯ. ಎರಡು ಮರಿ ಹುಟ್ಟಿ ಮೂರನೆಯದು ಒಳಗೇ ಉಳಿದಾಗ, ಲೆಕ್ಕ ಗೊತ್ತಿಲ್ಲದ ಮನೆಯವರು ಹೆರಿಗೆ ಮುಗಿಯಿತೆಂದು ನಿದ್ದೆ ಹೋಗುತ್ತಾರೆ. ಸಣ್ಣ ನಾಯಿಯ ಹೊಟ್ಟೆಯಲ್ಲಿ ಒಂದೇ ಮರಿ ಇದ್ದರೂ ತೊಂದರೆಯೇ. ಅದು ಚೆನ್ನಾಗಿ ಬೆಳೆದು ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಚಪ್ಪಟೆ ಮುಖದ, ದೊಡ್ಡ ತಲೆಯ ಪಗ್ ಜಾತಿಯಲ್ಲಂತೂ ಶಸ್ತ್ರಚಿಕಿತ್ಸೆ ಬೇಕಾಗುವುದು ಹೆಚ್ಚು.

58ನೆಯ ದಿನದಿಂದ ಬೆಳಿಗ್ಗೆ ಸಂಜೆ ನಾಯಿಯ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಉಷ್ಣತೆ ಬರೆದಿಡಿ. ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿರಲಿ. ನಾಯಿಗೆಂದೇ ಬೇರೆ ಥರ್ಮಾಮೀಟರ್ ಇರಬೇಕು ಎಂದು ಹೇಳಬೇಕಾಗಿಲ್ಲ. ನಾಯಿಯ ಮಾಮೂಲಿ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹೆರಿಗೆ ಶುರುವಾಗುತ್ತದೆ.

ಊಟ ಮತ್ತು ಔಷಧಿ

ಮೊದಲ ನಾಲ್ಕೈದು ವಾರ ಊಟ ಹೆಚ್ಚಿಸಬೇಕಾಗಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಕೊನೆಯ ವಾರದ ಹೊತ್ತಿಗೆ ಮಾಮೂಲಿಗಿಂತ ಕಾಲುಭಾಗದಿಂದ ಅರ್ಧದಷ್ಟು ಜಾಸ್ತಿ ಮಾಡಿದರೆ ಸಾಕು. ಹೊಟ್ಟೆಯಲ್ಲಿ ಜಾಗವಿಲ್ಲದ ಕಾರಣ ದಿನಕ್ಕೆ ನಾಲ್ಕು ಸಲ ಸಣ್ಣ ಸಣ್ಣ ಊಟ ಕೊಡಬೇಕು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ, ಅನ್ನ, ಮೊಸರು ಆಗಬಹುದು. ಅಂಗಡಿಯ ನಾಯಿ ಆಹಾರ ಹಾಕುವವರು ಬಸಿರಿನ ಎರಡನೆಯ ಅರ್ಧದಲ್ಲಿ ಮರಿಗಳಿಗೆ ಮೀಸಲಾದ ಆಹಾರವನ್ನೇ ತಾಯಿಗೂ ಕೊಡಬಹುದು. ಬರೀ ಹಾಲು ಅನ್ನದಲ್ಲಿ ಮಾಂಸಸತ್ವ ಸಾಲದು.

ನಮ್ಮ ಬಸ್ಸಾರು, ಮಾಂಸದ ಸಾರು ಕಲಸಿದ ಮುದ್ದೆ ಅಥವಾ ಅನ್ನ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಮೂಳೆಯಲ್ಲಿರುವ ದಾಸ್ತಾನಿನಿಂದ ಅದನ್ನು ಬಿಡಿಸಿ ತರುವ ಪುಟ್ಟ ಗ್ರಂಥಿಗಳು ಕುತ್ತಿಗೆಯಲ್ಲಿವೆ. ಬಸುರಿ ನಾಯಿಗೆ ಹೊರಗಿನಿಂದ ಧಾರಾಳವಾಗಿ ಕ್ಯಾಲ್ಸಿಯಂ ಕೊಟ್ಟರೆ ಈ ಗ್ರಂಥಿಗಳು ಕೆಲಸವಿಲ್ಲದೆ ಸೋಮಾರಿಯಾಗುತ್ತವೆ. ಹೆರಿಗೆಯಾಗಿ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದುಹೋಗುವಾಗ ಅವು ತಕ್ಷಣ ಎಚ್ಚರಗೊಳ್ಳುವುದಿಲ್ಲ. ಗರ್ಭಿಣಿಯರಿಗೆ ವೈದ್ಯರು ಕೊಡುವ ಕ್ಯಾಲ್ಸಿಯಂ ಮಾತ್ರೆಯ ಮಾತು ಬೇರೆ. ಅದನ್ನು ಅವರು ತಪ್ಪದೆ ತೆಗೆದುಕೊಳ್ಳಬೇಕು. ನಾಯಿಗೆ ಮಾತ್ರ ಬಸಿರಿನಲ್ಲಿ ಪಶುವೈದ್ಯರು ಹೇಳದೆ ಕ್ಯಾಲ್ಸಿಯಂ ಕೊಡಬಾರದು.

ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ನಾಯಿಗೆ ಹಾಕಲೇಬೇಡಿ. ಉಣ್ಣೆ ಹುಳುವಿಗೆ ಹಚ್ಚುವ ಔಷಧಿಯನ್ನೂ ಕೇಳದೆ ಹಚ್ಚಬೇಡಿ.

ಹೆರಿಗೆಯ ಮೂಲೆ

ಹತ್ತು ದಿನ ಮುಂಚಿತವಾಗಿ ಮನೆಯ ಗಲಾಟೆಯಿಲ್ಲದ ಒಂದು ಮೂಲೆಯಲ್ಲಿ ಜಾಗ ಗೊತ್ತುಮಾಡಿ, ನಾಯಿ ಅಲ್ಲೇ ಮಲಗುವಂತೆ ರೂಢಿ ಮಾಡಿಸಿ. ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದರೆ ಸಾಕು. ತಾಯಿ ಕಾಲು ಚಾಚಿ ಮಲಗುವಂತಿರಬೇಕು, ಮರಿಗಳು ಹೊರಗೆ ಉರುಳಬಾರದು. ತಳಕ್ಕೆ ಹಳೆಯ ಪತ್ರಿಕೆಗಳು, ಅದರ ಮೇಲೆ ಒಗೆದ ಹಳೆಯ ಹತ್ತಿ ಪಂಚೆ ಅಥವಾ ಸೀರೆ. ಬರೀ ಕಾಗದದ ಮೇಲೆ ಮರಿಗಳ ಕಾಲು ಜಾರುತ್ತದೆ.

ಹುಟ್ಟಿದ ಮರಿಗೆ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರ ಮರಿಗಳ ಸುತ್ತ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಇರಬೇಕು. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಇದು ತಾನಾಗಿ ಸಿಗುವುದಿಲ್ಲ. ಹಿಂದೆ 60 ವ್ಯಾಟಿನ ಬಲ್ಬು ತೂಗುಹಾಕಿದರೆ ಸಾಕಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಸೆಕೆಯಾದರೆ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿಯಿರಲಿ.

ಪಕ್ಕದಲ್ಲಿ ಇರಬೇಕಾದವು: ಒಗೆದ ಮೆತ್ತನೆಯ ಟವೆಲ್ಲುಗಳು, ಕೈಗವಸು, ಕುದಿಸಿದ ಕತ್ತರಿ, ದಾರ, ಪೊವಿಡೋನ್ ಅಯೋಡಿನ್ ದ್ರಾವಣ, ಗ್ರಾಂ ತೋರಿಸುವ ಅಡುಗೆ ತಕ್ಕಡಿ, ಟಾರ್ಚು, ಗಡಿಯಾರ, ಒಂದು ನೋಟ್‌ಬುಕ್ಕು.

ಹೆರಿಗೆಯ ದಿನ

ಮೊದಲ ಹಂತದಲ್ಲಿ ನಾಯಿ ಊಟ ಬಿಡುತ್ತದೆ, ಏದುಸಿರು ಬಿಡುತ್ತದೆ, ಬಟ್ಟೆ ಕೆದಕುತ್ತದೆ, ಕೂತಲ್ಲಿ ಕೂರುವುದಿಲ್ಲ. ಇದು 6ರಿಂದ 12 ಗಂಟೆ, ಚೊಚ್ಚಲಿನಲ್ಲಿ ಇನ್ನೂ ಹೆಚ್ಚು ಹೊತ್ತು ಇರಬಹುದು. ಆಗ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವುದು ಬೇಡ. ನಾಯಿಗೆ ಹೆಚ್ಚು ಸಲಿಗೆಯಿರುವ ಒಬ್ಬರು ಪಕ್ಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕು. ಎರಡನೆಯ ಹಂತದಲ್ಲಿ ಅದು ಮುಕ್ಕಲು ಶುರುಮಾಡುತ್ತದೆ. ಬಲವಾಗಿ ಮುಕ್ಕಲು ಶುರುವಾದ ಅರ್ಧ ಗಂಟೆಯೊಳಗೆ ಮರಿ ಬರಬೇಕು. ತಲೆ ಮೊದಲು ಬಂದರೂ ಸರಿ, ಹಿಂಗಾಲು ಮೊದಲು ಬಂದರೂ ಸರಿ. ನಾಯಿಯಲ್ಲಿ ಎರಡೂ ಸಹಜವೇ.

ಮರಿ ತೆಳುವಾದ ಪೊರೆಯೊಳಗೆ ಬರುತ್ತದೆ. ತಾಯಿ ನೆಕ್ಕಿ ಪೊರೆ ಹರಿಯುತ್ತದೆ, ಹೊಕ್ಕುಳ ಬಳ್ಳಿ ಕಚ್ಚುತ್ತದೆ. ಚೊಚ್ಚಲ ತಾಯಿಗೆ ಇದು ತಕ್ಷಣ ಹೊಳೆಯದೆ ಇರಬಹುದು. ಒಂದೆರಡು ನಿಮಿಷದಲ್ಲಿ ಅದು ಮುಂದಾಗದಿದ್ದರೆ ನೀವೇ ಪೊರೆ ಹರಿದು, ಮರಿಯ ಮೂಗು ಬಾಯಿ ಒರೆಸಿ, ಟವೆಲ್ಲಿನಿಂದ ಬೆನ್ನು ಉಜ್ಜಿ ಉಸಿರಾಡಿಸಬೇಕು. ಹೊಟ್ಟೆಯಿಂದ ಒಂದು ಅಂಗುಲ ದೂರದಲ್ಲಿ ಬಳ್ಳಿಗೆ ದಾರ ಕಟ್ಟಿ, ಆಚೆ ಬದಿಗೆ ಕತ್ತರಿಸಿ, ತುದಿಗೆ ಅಯೋಡಿನ್ ಹಚ್ಚಿ. ಮರಿಯನ್ನು ತಲೆಕೆಳಗು ಹಿಡಿದು ಬೀಸುವ ಹಳೆಯ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಪ್ರತಿ ಮರಿಯ ಹೊತ್ತು, ತೂಕ ಬರೆದಿಡಿ. ಪ್ರತಿ ಮರಿಗೂ ಒಂದು ಮಾಸು ಬೀಳಬೇಕು, ಅದನ್ನೂ ಎಣಿಸಿ.

ಯಾವಾಗ ಹೊರಡಬೇಕು?

ಈ ಕೆಳಗಿನ ಯಾವುದು ಕಂಡರೂ ಕಾಯುತ್ತಾ ಕೂರಬಾರದು:

1. ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ.
2. ಒಳಗೆ ಇನ್ನೂ ಮರಿಯಿದ್ದು, ಒಂದು ಮರಿಯಾದ ಮೇಲೆ ಎರಡು ಗಂಟೆ ಕಳೆದರೂ ಇನ್ನೊಂದು ಬಾರದಿದ್ದರೆ.
3. ಮೊದಲ ಮರಿ ಬರುವ ಮುಂಚೆಯೇ ಕಡುಹಸಿರು ಸ್ರಾವ ಕಂಡರೆ. ಮರಿಯಾದ ಮೇಲೆ ಹಸಿರು ಸ್ರಾವ ಸಹಜ.
4. ಮರಿ ಅರ್ಧ ಹೊರಬಂದು ಸಿಕ್ಕಿಕೊಂಡರೆ.
5. ಉಷ್ಣತೆ ಇಳಿದು 24 ಗಂಟೆಯಾದರೂ ನೋವು ಬಾರದಿದ್ದರೆ, ಅಥವಾ ಕೂಡಿದ ಕೊನೆಯ ದಿನದಿಂದ 65 ದಿನ ದಾಟಿದರೆ.
6. ಹೆಚ್ಚು ರಕ್ತ ಹೋದರೆ, ನಾಯಿ ಸೋತು ಬಿದ್ದರೆ.

ಸಿಕ್ಕಿಕೊಂಡ ಮರಿಯನ್ನು ಎಳೆಯಬೇಡಿ. ಯಾರಾದರೂ "ನೋವು ಬರುವ ಇಂಜೆಕ್ಷನ್" ಹಾಕುತ್ತೇನೆಂದರೆ ಒಪ್ಪಬೇಡಿ. ದಾರಿಯಲ್ಲಿ ಮರಿ ಅಡ್ಡ ಸಿಕ್ಕಿರುವಾಗ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶವೇ ಹರಿಯಬಹುದು. ಅದನ್ನು ಪರೀಕ್ಷೆ ಮಾಡಿದ ಪಶುವೈದ್ಯರೇ ತೀರ್ಮಾನಿಸಬೇಕು.

ಇಲ್ಲಿ ನಮ್ಮ ಊರುಗಳ ದೂರದ ಲೆಕ್ಕ ಬರುತ್ತದೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹಗಲಿನಲ್ಲಿ ಮೊದಲು ಅಲ್ಲಿಗೇ ಹೋಗಬೇಕು. ಆದರೆ ನಾಯಿಯ ಹೆರಿಗೆ ಹೆಚ್ಚಾಗಿ ರಾತ್ರಿಯೇ ಶುರುವಾಗುತ್ತದೆ. ರಾತ್ರಿ ಸಣ್ಣ ನಾಯಿಗೆ ಶಸ್ತ್ರಚಿಕಿತ್ಸೆ ಮಾಡುವವರು ಎಲ್ಲಿದ್ದಾರೆ ಎಂದು 50ನೆಯ ದಿನದೊಳಗೆ ವಿಚಾರಿಸಿ, ಒಮ್ಮೆ ನಾಯಿಯನ್ನು ತೋರಿಸಿಯೂ ಬರಬೇಕು. ಶ್ರೀರಂಗಪಟ್ಟಣದವರಿಗೆ ಮೈಸೂರು 15 ಕಿಲೋಮೀಟರ್ ಆಸುಪಾಸು, ಪಾಂಡವಪುರದವರಿಗೂ ಹೆಚ್ಚು ದೂರವಲ್ಲ. ಕೃಷ್ಣರಾಜಪೇಟೆಯವರಿಗೆ ಮೈಸೂರಾಗಲಿ, ಪಶುವೈದ್ಯಕೀಯ ಕಾಲೇಜಿರುವ ಹಾಸನವಾಗಲಿ ಗಂಟೆಗೂ ಮೀರಿದ ದಾರಿ. ನಾಗಮಂಗಲದವರು ಮಂಡ್ಯಕ್ಕೋ ಮೈಸೂರಿಗೋ ಎಂದು ಮೊದಲೇ ನಿರ್ಧರಿಸಿರಬೇಕು. ದಾರಿಗೇ ಒಂದು ಗಂಟೆ ಬೇಕಾದವರು ಅಪಾಯದ ಗಡುವು ಮುಗಿಯುವವರೆಗೆ ಮನೆಯಲ್ಲಿ ಕಾಯುವಂತಿಲ್ಲ. ಮುಕ್ಕಲು ಶುರುವಾಗಿ ಕಾಲು ಗಂಟೆಯಾದರೂ ಮರಿಯ ಸುಳಿವಿಲ್ಲದಿದ್ದರೆ ವೈದ್ಯರಿಗೆ ಫೋನು ಮಾಡಿ, ವಾಹನ ಬಾಗಿಲಿಗೆ ತರಿಸಿ. ಮಧ್ಯರಾತ್ರಿ ಕರೆದರೆ ಬರುವ ಆಟೋ ಅಥವಾ ಕಾರಿನವರಿಗೆ ಆ ವಾರ ಮುಂಚಿತವಾಗಿ ಹೇಳಿಡಿ. ಪಗ್ ಇರುವವರು, ಒಂದೇ ಮರಿಯೆಂದು ಎಕ್ಸ್‌ರೇಯಲ್ಲಿ ಕಂಡವರು ಆ ಎರಡು ಮೂರು ದಿನ ನಾಯಿಯೊಂದಿಗೆ ಮೈಸೂರಿನ ನೆಂಟರ ಮನೆಯಲ್ಲೇ ಉಳಿದರೂ ತಪ್ಪಿಲ್ಲ.

ಹಾಲೂಡುವ ವಾರಗಳು

ಮೊದಲ ದಿನದ ಗಿಣ್ಣು ಹಾಲು ಪ್ರತಿ ಮರಿಯ ಹೊಟ್ಟೆಗೂ ಹೋಗಬೇಕು. ರೋಗನಿರೋಧಕ ಶಕ್ತಿ ಬರುವುದು ಅದರಿಂದಲೇ. ದಿನವೂ ಒಂದೇ ಹೊತ್ತಿಗೆ ಮರಿಗಳನ್ನು ತೂಗಿ. ಹತ್ತು ಹನ್ನೆರಡು ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ತೂಕ ಇಳಿಯುವ, ಬಿಡದೆ ಅಳುವ, ಮುಟ್ಟಿದರೆ ತಣ್ಣಗಿರುವ ಮರಿಯನ್ನು ಅಂದೇ ವೈದ್ಯರಿಗೆ ತೋರಿಸಿ. ತಾಯಿಗೆ ಹಾಲು ಸಾಲದಿದ್ದರೆ ಹಸುವಿನ ಹಾಲು ಅದರ ಬದಲಿಯಲ್ಲ. ನಾಯಿಯ ಹಾಲಿನಲ್ಲಿ ಕೊಬ್ಬು, ಮಾಂಸಸತ್ವ ಎರಡೂ ಹಸುವಿನ ಹಾಲಿಗಿಂತ ಎರಡು ಪಟ್ಟು ಹೆಚ್ಚು. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯ ಒಂದು ಡಬ್ಬಿಯನ್ನು ಮೊದಲೇ ತಂದಿಟ್ಟಿರಿ.

ತಾಯಿಗೆ ಈಗ ಧಾರಾಳವಾಗಿ ಊಟ ಕೊಡಬೇಕು. ಮರಿಗಳ ಸಂಖ್ಯೆ ನೋಡಿಕೊಂಡು ಮಾಮೂಲಿಯ ಎರಡು ಮೂರು ಪಟ್ಟು ಬೇಕಾಗುತ್ತದೆ. ನೀರು ಸದಾ ಪಕ್ಕದಲ್ಲಿರಲಿ.

ಪಿಂಕಿಗೆ ಬಂದ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಹೆರಿಗೆಯ ನಂತರದ ಮೊದಲ ನಾಲ್ಕು ವಾರಗಳಲ್ಲಿ, ಅದರಲ್ಲೂ ಹೆಚ್ಚು ಮರಿ ಹಾಕಿದ ಸಣ್ಣ ನಾಯಿಗಳಲ್ಲಿ. ಹಸುವಿನ ಹಾಲು ಜ್ವರ ನಮ್ಮ ರೈತರಿಗೆ ಗೊತ್ತು. ಹಸು ತಣ್ಣಗಾಗಿ ಕುಸಿದು ಮಲಗುತ್ತದೆ. ಮೂಲ ಅದೇ ಕ್ಯಾಲ್ಸಿಯಂ ಕೊರತೆಯಾದರೂ ನಾಯಿಯಲ್ಲಿ ಚಿತ್ರ ತಿರುವುಮುರುವು. ಚಡಪಡಿಕೆ, ಏದುಸಿರು, ಮರಿಗಳ ಬಗ್ಗೆ ಅಲಕ್ಷ್ಯ, ಕಾಲು ಸೆಟೆದ ನಡಿಗೆ, ನಡುಕ, ವಿಪರೀತ ಜ್ವರ, ಕೊನೆಗೆ ಫಿಟ್ಸ್. ಚಡಪಡಿಕೆ ಕಂಡಾಗಲೇ ಮರಿಗಳನ್ನು ಮೊಲೆಯಿಂದ ಬಿಡಿಸಿ ಬಾಟಲಿ ಹಾಲಿಗೆ ಹಾಕಿ, ತಾಯಿಯನ್ನು ಎತ್ತಿಕೊಂಡು ಹೊರಡಿ. ಕೆಲವು ಗಂಟೆ ತಡವಾದರೂ ಜೀವ ಹೋಗಬಹುದು. ನಡುಗುತ್ತಿರುವ ನಾಯಿಯ ಬಾಯಿಗೆ ಸಿರಪ್ಪು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಮನೆಯವರ ಆರೋಗ್ಯ

ಇದು ನನ್ನ ಕ್ಷೇತ್ರ, ಆದ್ದರಿಂದ ಒತ್ತಿ ಹೇಳುತ್ತೇನೆ. "ಮರಿ ಹಲ್ಲಿಗೆ ವಿಷವಿಲ್ಲ" ಎಂಬ ಮಾತನ್ನು ನಂಬಬೇಡಿ. ಲಸಿಕೆಯಾಗದ ಮರಿಗೆ ಬೀದಿನಾಯಿ ಕಚ್ಚಿದ್ದರೆ, ಆ ಮರಿಯಿಂದಲೂ ಹುಚ್ಚುನಾಯಿ ರೋಗ ಬರಬಹುದು. ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಮೂರು ತಿಂಗಳಿಗೆ ಮರಿಗೆ ರೇಬಿಸ್ ಲಸಿಕೆ ಹಾಕಿಸಿ. ಅಲ್ಲಿಯವರೆಗೆ ಬೀದಿಗೆ ಬಿಡಬೇಡಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಸುತ್ತ ಹಾಕುತ್ತಿದ್ದ ಹಳೆಯ ಚುಚ್ಚುಮದ್ದು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ತೋಳಿಗೆ, ನಾಲ್ಕೈದು ಭೇಟಿಗಳಲ್ಲಿ ಲಸಿಕೆ ಮುಗಿಯುತ್ತದೆ. ರಕ್ತ ಬರುವ ಗಾಯಕ್ಕೆ ಸಿದ್ಧ ಪ್ರತಿಕಾಯದ ಔಷಧಿಯನ್ನು ಗಾಯದ ಸುತ್ತ ಕೊಡಿಸಬೇಕು.

ಜಂತುಹುಳು ತಾಯಿಯ ಹೊಟ್ಟೆಯಲ್ಲೇ ಮರಿಗೆ ದಾಟುತ್ತದೆ, ಹಾಲಿನಲ್ಲೂ ಹೋಗುತ್ತದೆ. ಮರಿಗಳಿಗೆ 2, 4, 6, 8ನೆಯ ವಾರಗಳಲ್ಲಿ, ಜೊತೆಗೆ ತಾಯಿಗೂ ಪಶುವೈದ್ಯರು ಹೇಳಿದಷ್ಟು ಔಷಧಿ ಕೊಡಬೇಕು. ಹೇಲಿನಲ್ಲಿ ಬಿದ್ದ ಮೊಟ್ಟೆಗಳು ಎರಡು ಮೂರು ವಾರದಲ್ಲಿ ಬಲಿತು, ಮಕ್ಕಳ ಕೈಯಿಂದ ಬಾಯಿಗೆ ಹೋಗಿ ಪಿತ್ತಜನಕಾಂಗ, ಕೆಲವೊಮ್ಮೆ ಕಣ್ಣನ್ನು ಸೇರುತ್ತವೆ. ದಿನವೂ ಎತ್ತಿ ಹಾಕಿದರೆ ಬಲಿಯಲು ಅವಕಾಶವಿಲ್ಲ. ಮರಿ ಮುಟ್ಟಿದ ಮಕ್ಕಳು ಸೋಪಿನಲ್ಲಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ಮನೆಯಲ್ಲಿ ಗರ್ಭಿಣಿಯಿದ್ದರೆ ನಾಯಿಯನ್ನು ಓಡಿಸಬೇಕಾಗಿಲ್ಲ. ಅವರಿಗೆ ಭಯ ಹುಟ್ಟಿಸುವ ಟಾಕ್ಸೋಪ್ಲಾಸ್ಮಾ ಬೆಕ್ಕಿನ ಹೇಲಿನಲ್ಲಿ ಹೋಗುವಂಥದ್ದು, ನಾಯಿಯದ್ದಲ್ಲ. ಆದರೆ ಹೆರಿಗೆಯ ಸ್ರಾವ, ಮಾಸು ತೆಗೆದು ಶುಚಿ ಮಾಡುವ ಕೆಲಸವನ್ನು ಬೇರೆಯವರು ಕೈಗವಸು ಹಾಕಿಕೊಂಡು ಮಾಡಲಿ. ಬ್ರುಸೆಲ್ಲಾದಂಥ ಸೋಂಕು ಆ ದಾರಿಯಲ್ಲಿ ಬರಬಹುದು.

ಕೊನೆಗೆ ಒಂದು ಮಾತು. ಒಂದು ಕಾಗದದಲ್ಲಿ ಹೆರಿಗೆಯ ಅಂದಾಜು ದಿನಾಂಕ, ಎಕ್ಸ್‌ರೇಯಲ್ಲಿ ಕಂಡ ಮರಿಗಳ ಸಂಖ್ಯೆ, ಇಬ್ಬರು ಪಶುವೈದ್ಯರ ಮತ್ತು ಒಬ್ಬ ವಾಹನದವರ ಫೋನು ನಂಬರು ಬರೆದು ಗೋಡೆಗೆ ಅಂಟಿಸಿ. ಮಧ್ಯರಾತ್ರಿ ಗಾಬರಿಯಲ್ಲಿ ನಂಬರು ಹುಡುಕುತ್ತಾ ಕೂರುವಂತಾಗಬಾರದು.

ಪಿಂಕಿಗೆ ಆಮೇಲೆ ಮೇಷ್ಟ್ರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು. ನಾಲ್ಕು ಮರಿಗಳಲ್ಲಿ ಒಂದು ಅವರ ಮನೆಯಲ್ಲೇ ಬೆಳೆಯಿತು. ಈಗಲೂ ತಾಯಿಯ ಔಷಧಿ ಚೀಟಿ ತೆಗೆದುಕೊಂಡು ಹೊರಡುವಾಗ ಮೇಷ್ಟ್ರು ಬಾಗಿಲ ಬಳಿ ನಿಂತು ನಗುತ್ತಾ ಕೇಳುವುದುಂಟು: "ಟಾನಿಕ್ ಏನೂ ಬೇಡ ಅಲ್ವಾ ಡಾಕ್ಟ್ರೇ?"